ನಾಲ್ಕನೆಯ ತೂತು

ಬಾಸನ್‌ಜಾವ್ ಬಂದದ್ದು ಕುಂಟಿಕೊಂಡು,
ಬೈಕು ಬಂದದ್ದು ಚೆನ್ನಾಗಿಯೇ.
"ಇದರದ್ದೇನೂ ತಕರಾರಿಲ್ಲ," ಅಂದ, "ನನ್ನದೇ.
ಎಡಮಂಡಿ. ಹತ್ತು ಮೈಲಿ ದಾಟಿತೋ,
ಒಳಗೆ ಕೂತು ಯಾರೋ ಕಲ್ಲುಪ್ಪು ಅರೆಯುತ್ತಾರೆ."

ನನ್ನ ಅಂಗಡಿ ಅಂದರೆ ತುಕ್ಕು ಹಿಡಿದ ಸರಕಿನ ಕಂಟೇನರು,
ಕೆಮ್ಮುವ ಜನರೇಟರು,
ಚಳಿಗೆ ಅಂಗೈಗೆ ಅಂಟಿಕೊಳ್ಳುವ ಸ್ಪ್ಯಾನರುಗಳು.
ಗೋಬಿಯ ಈ ಅಂಚಿನಲ್ಲಿ ಇನ್ನೂರು ಗುಡಾರ, ಒಂದು ಶಾಲೆ,
ಕಬ್ಬಿಣಕ್ಕೆ ಬೆಸುಗೆ ಹಾಕುವ ಹೆಂಗಸು ನಾನೊಬ್ಬಳೇ.

ಕೂರು ಅಂದೆ. ಕೂತ.
ಮಂಡಿ ಹೊಟ್ಟೆಗೆ ಹತ್ತಿರ, ಹಿಮ್ಮಡಿ ಪೃಷ್ಠದಡಿಗೆ,
ತುಂಬಿದ ಬಸ್ಸಿನಲ್ಲಿ ಪೆಟ್ಟಿಗೆಯ ಮೇಲೆ ಮುದುಡಿದವನ ಹಾಗೆ.
"ಕುದುರೆಯ ಮೇಲೂ ಹೀಗೇ ಕೂರುತ್ತೀಯಾ?"
"ಕುದುರೆಗೆ ರಿಕಾಪಿದೆ, ರಿಕಾಪಿಗೆ ಪಟ್ಟಿಯಿದೆ,
ಪಟ್ಟಿಯ ತುಂಬ ತೂತುಗಳಿವೆ.
ಐದು ವರ್ಷದ ಪೋರನೂ ಬಕಲು ಎಳೆದು
ತನ್ನ ಅಳತೆಗೆ ತಂದುಕೊಳ್ಳುತ್ತಾನೆ.
ಇದನ್ನು ಮಾಡಿದ ಪುಣ್ಯಾತ್ಮ
ಲೋಕಕ್ಕೆಲ್ಲ ಒಂದೇ ಅಳತೆಯ ಕಾಲು ಅಂದುಕೊಂಡಿದ್ದ."

ಬೆರಳಿಟ್ಟು ಅಳೆದೆ.
ಎರಡು ಬೆರಳು ಕೆಳಗೆ, ಮೂರು ಬೆರಳು ಮುಂದೆ.
ಹೇಳುವುದಕ್ಕೆ ಇಷ್ಟೇ.
ಆದರೆ ಫುಟ್‌ರೆಸ್ಟು ಸರಿದರೂ ಗೇರು ಅಲ್ಲೇ ಇರುತ್ತದೆ,
ಬ್ರೇಕೂ ಅಲ್ಲೇ,
ಪಾದ ಕತ್ತಲಲ್ಲಿ ಸ್ವಿಚ್ಚು ಹುಡುಕಿದಂತೆ ತಡಕುತ್ತದೆ.
ಗೇರಿನ ಕಡ್ಡಿ ಕಳಚಿ, ತುದಿಗೆ ತುಂಡು ಬೆಸೆದು,
ಹಲ್ಲೆಣಿಸಿ, ಒಂದು ಹಲ್ಲು ಇಳಿಸಿ ಮತ್ತೆ ತೊಡಿಸಿದೆ.

ಮೊದಲ ಸಲ ಅತಿಯಾಯಿತು.
ಒಣಹಳ್ಳದ ತಿರುವಿನಲ್ಲಿ ವಾಲಿದ್ದೇ ತಡ
ಫುಟ್‌ರೆಸ್ಟು ಕಲ್ಲಿಗೆ ಸವರಿ ಕಿಡಿ.
ಬಂದು ತೋರಿಸಿದ, ಸವೆದ ಬೂಟಿನಂಚು,
ತುಸು ಹೆಮ್ಮೆಯಿಂದಲೇ.
ಅರ್ಧ ಬೆರಳು ಮೇಲಕ್ಕೆ ತಂದೆ.
ಸುಖಕ್ಕೂ ನೆಲಕ್ಕೂ ನಡುವೆ
ಅರ್ಧ ಬೆರಳು ಬಿಟ್ಟಿರಬೇಕು. ಅಷ್ಟು ಕಲಿತೆ.

ಹದಿನೈದನೇ ದಿನ ದೂರದಿಂದ ಎಂಜಿನ್ನಿನ ಅರಚಾಟ.
ಅವನ ಹೆಂಡತಿ ದುಲಮ್‌ಸುರೇನ್,
ಅವನಿಗಿಂತ ಗೇಣು ಗಿಡ್ಡ.
"ಅವನ ಮಂಡಿಗೀಗ ಸುಖ.
ನನ್ನ ಕಾಲಿಗೆ ಗೇರೇ ಎಟುಕುವುದಿಲ್ಲ.
ಕೈಯಲ್ಲಿ ಒತ್ತಿ ಒಂದನೇ ಗೇರು ಹಾಕಿದ್ದು,
ಅದರಲ್ಲೇ ಇಲ್ಲಿತನಕ ಬಂದೆ."
ದಿನಾ ಮೇಕೆಗಳ ಹಿಂದೆ ಬೈಕಿನಲ್ಲಿ ಹೋಗುವವಳು ಅವಳು.
ಅವನು ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.

ಉಪ್ಪು ಹಾಕಿದ ಚಹಾ ಕುಡಿದೆವು, ಮಾತಿಲ್ಲದೆ.
ಆಮೇಲೆ ಆ ರಿಕಾಪಿನ ಪಟ್ಟಿ ನೆನಪಾಯಿತು.

ಹಳೆಯ ಲಾರಿಯ ಚಾಸಿಯಿಂದ ಎರಡು ತಟ್ಟೆ ಕತ್ತರಿಸಿ
ಎರಡೂ ಬದಿಗೆ ಬಿಗಿದೆ. ಕೊರೆದೆ:
ಒಂದು ತೂತು ಅವನಿಗೆ,
ಒಂದು ಅವಳಿಗೆ,
ಮೂರನೆಯದು ಹಾಸ್ಟೆಲಿನಲ್ಲಿರುವ ಮಗ ಸೋದ್‌ಬಿಲೆಗ್‌ಗೆ.
ಬೇಸಿಗೆಯಿಂದ ಬೇಸಿಗೆಗೆ ಹುಡುಗರ ಕಾಲು ಎಷ್ಟು ಉದ್ದವಾಗುತ್ತದೋ,
ಊಹೆಯಲ್ಲೇ ಗುರುತು ಹಾಕಿದ್ದು.
ಗೇರಿನ ಕಡ್ಡಿ ಈಗ ಜಾರಿ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ,
ತಿರುಪು ಬಿಗಿಯಲು ಬರಿಗೈ ಸಾಕು.

ನಾಲ್ಕನೆಯ ತೂತು ಡ್ರಿಲ್ಲು ಜಾರಿ ಆದದ್ದು.
"ಇದು ಯಾರಿಗೆ?" ಅಂದಳು.
"ಗಾಳಿಗೆ," ಅಂದೆ, ಮಾನ ಮುಚ್ಚಿಕೊಳ್ಳಲು.

ಗಾಳಿ ಅದನ್ನು ನಿಜವೆಂದೇ ನಂಬಿತು.
ಸಂಜೆ ಬೈಕು ಕಾಣುವ ಮುಂಚೆ ಒಂದು ಸಿಳ್ಳೆ ಬರುತ್ತದೆ,
ಅಂಗಡಿಯ ಪಕ್ಕದ ನಾಯಿ ಕಿವಿ ನಿಮಿರಿಸುತ್ತದೆ.
ತಿಳಿಯಾಗಿದ್ದರೆ ಬಾಸನ್‌ಜಾವ್.
ದುಲಮ್‌ಸುರೇನಳ ಬೂಟು ತೂತನ್ನು ಅರ್ಧ ಮುಚ್ಚುತ್ತದೆ,
ಹಾಗಾಗಿ ಅವಳದು ಗೊಗ್ಗರು.

ನಿನ್ನೆ ಮಾತ್ರ ಎರಡೂ ಅಲ್ಲದ ಸ್ವರ,
ಏರುತ್ತಾ, ಎಡವುತ್ತಾ, ಅತಿ ವೇಗವಾಗಿ.
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ನೋಡಿದೆ.
ಧೂಳು ಬಿಟ್ಟರೆ ಏನೂ ಕಾಣಲಿಲ್ಲ.
ಶಾಲೆಗೆ ರಜೆ ಬಿಟ್ಟಿರಬೇಕು.