ಜಮಖಾನ ಮತ್ತು ಚೌಕಳಿ

ವಿಕ್ಟೋರಿಯಾ ಆಸ್ಪತ್ರೆಯ ಹುಡುಗ ಡಾಕ್ಟರು
ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು
‘ಕೊರಳೆಲುಬಲ್ಲಿ ಹಳೇ ಮುರುಕು ಇದೆಯಲ್ಲ ಮೇಡಂ,
ಏನಾಗಿತ್ತು?’ ಅಂದ.
ಕುಸ್ತಿ, ಅಂದೆ.
ನಕ್ಕ. ನಾನು ನಗಲಿಲ್ಲ.
ಆ ಕಪ್ಪುಬಿಳುಪು ಹಾಳೆಯೊಳಗೆ ಆಗಲೇ
ನಮ್ಮ ಟೀವಿ ಹತ್ತಿಕೊಂಡಿತ್ತು.

ಕಬ್ಬನ್‌ಪೇಟೆಯ ಗಲ್ಲಿ. ತೊಂಬತ್ಮೂರೋ, ತೊಂಬತ್ನಾಲ್ಕೋ.
ಕೇಬಲ್ ಚೆಲುವರಾಜ
ಎದುರುಮನೆ ಸಜ್ಜಕ್ಕೆ ವೈರನ್ನೊಮ್ಮೆ ಸುತ್ತಿ
ನಮ್ಮ ಬಚ್ಚಲ ಕಿಟಕಿಯಿಂದ ಒಳಗೆ ಬಿಟ್ಟಿದ್ದ.
ಶನಿವಾರ ಸಂಜೆ ಐದಕ್ಕೆ ಕುಸ್ತಿ.
ನಾಲ್ಕು ಮಗ್ಗ ಒಟ್ಟಿಗೆ ಕುಟ್ಟುವ ಮನೆಯಲ್ಲಿ
ಟೀವಿ ಎಷ್ಟು ಕೂಗಿದರೂ ಮೂಗ.
ಗಂಟೆ ಬಾರಿಸುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ.
ಬೀಳುವ ಸದ್ದನ್ನು ಮಗ್ಗವೇ ಕೊಡುತ್ತಿತ್ತು:
ದಡಕ್ ದಡಕ್, ಒಬ್ಬ ಎದ್ದ;
ದಡಕ್, ಮತ್ತೆ ಬಿದ್ದ.

ಅವರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ.
ನೇಕಾರರ ಮಕ್ಕಳು, ಬಟ್ಟೆ ನೋಡಿ ಹೆಸರಿಟ್ಟೆವು.
ಪಟ್ಟೆಪಟ್ಟೆ ನಿಲುವಂಗಿಯವನು ಜಮಖಾನ,
ಚೌಕಳಿ ಚಡ್ಡಿಯವನು ಬರೀ ಚೌಕಳಿ,
ಮಿಣಮಿಣ ಬೆಲ್ಟು ಕಟ್ಟಿ ಬರುವ ಬೊಜ್ಜಿನವನು
ಕಳ್ಳಜರಿ.
ಬಣ್ಣ ಮಾತ್ರ ಯಾರಿಗೂ ಗೊತ್ತಿಲ್ಲ.
ಜಮಖಾನದ ಪಟ್ಟೆ ಕೆಂಪು ಅಂತ ಅಣ್ಣ ಲೋಕನಾಥ.
ಅಲ್ಲ, ನವಿಲುಕಂಠ, ಅಂದಳು ಅಮ್ಮ
ಲಾಳಿ ಬದಲಿಸುತ್ತ, ಇತ್ತ ತಿರುಗದೆಯೇ.
ಇವತ್ತಿಗೂ ನನಗದು ನವಿಲುಕಂಠವೇ.

ಒಂದು ಮಂಗಳವಾರ, ಕರೆಂಟಿಲ್ಲ,
ನೂಲಿನ ಮೂಟೆಗಳ ಮೇಲೆ ಹತ್ತಿ ನಿಂತ
ಹದಿಮೂರು ವರ್ಷದ ಜಮಖಾನ,
ಹೆಗಲಿಗೆ ಅಪ್ಪನ ಪಂಚೆ.
ಹತ್ತು ವರ್ಷದ ಚೌಕಳಿ ನಾನು.
ಚೌಕಳಿ ಪ್ರತಿವಾರವೂ ಸೋಲಬೇಕಿತ್ತು, ಅದು ನೇಮ.
ಎತ್ತಿದ. ಎರಡು ಸುತ್ತು ತಿರುಗಿಸಿದ.
ಮೂಟೆ ಜಾರಿತು.
ಕೆಳಗೆ ಕಡಪಾ ಕಲ್ಲು.

ಗರಡಿಯ ವಸ್ತಾದಿ ಮುನಿಗುರಪ್ಪ ಬಂದರು.
ಮೊಟ್ಟೆಯ ಬಿಳಿ, ಉದ್ದಿನಹಿಟ್ಟು, ಬಿದಿರ ಸೀಳು,
ನಮ್ಮದೇ ಮಗ್ಗದ ತುಂಡುಬಟ್ಟೆ.
‘ಅಳ್ಬೇಡ ಕಣವ್ವ, ಆರು ಶನಿವಾರ’ ಅಂದರು.
ಕಟ್ಟು ನೋಡುವ ನೆಪದಲ್ಲಿ ಆರೂ ಶನಿವಾರ
ಐದಕ್ಕೆ ಸರಿಯಾಗಿ ಬಂದು ಟೀವಿ ಮುಂದೆ ಕೂತರು.
ಗಲ್ಲಿಯ ಹುಡುಗರೆಲ್ಲ ಕಾದರು:
ಈಗ ಉಗಿಯುತ್ತಾರೆ, ಎಲ್ಲ ನಾಟಕ,
ಮಟ್ಟಿ ಮುಟ್ಟದ ಮೈಗಳು ಅನ್ನುತ್ತಾರೆ ಅಂತ.
ಅವರು ಲೋಟದ ಕಾಫಿ ಆರಿದರೂ ಮಾತಾಡಲಿಲ್ಲ.
ಆಮೇಲೆ ಎದ್ದು ಹೋಗಿ, ಬೆರಳಿಂದ ಗಾಜು ಮುಟ್ಟಿ,
‘ಹೊಡೆಯೋ ಕೈ ಎಲ್ರೂ ನೋಡ್ತೀರ.
ಇನ್ನೊಂದು ಕೈ ಎಲ್ಲೈತೆ ನೋಡ್ರೋ.’
ಜಮಖಾನ ಚೌಕಳಿಯನ್ನು ತಲೆಕೆಳಗೆತ್ತಿದ್ದ.
ಅಂಗೈ, ಕದ್ದವರಂತೆ, ಕತ್ತಿನ ಕೆಳಗೆ.
‘ಬೀಳ್ಸೋದು ಯಾವ ಕತ್ತೆಗೂ ಬರ್ತದೆ’
ಎಂದು ಚಪ್ಪಲಿ ಮೆಟ್ಟಿ ಹೋದರು.

ನಮಗೆ ನಿರಾಸೆ.
ಸುಳ್ಳು ಎಂದು ಬೈದಿದ್ದರೇ ಚೆನ್ನಾಗಿತ್ತು,
ಹೊಡೆದಾಡಲು ಒಂದು ನೆವ ಸಿಗುತ್ತಿತ್ತು.

ಗರಡಿಯಲ್ಲೀಗ ಪ್ಲಾಸ್ಟಿಕ್ ಕವರಿನ ಗೋಡೌನು.
ಮಗ್ಗಗಳು ತೂಕಕ್ಕೆ ಹೋದವು.
ಮನೆ ಪಾಲಿನ ಕಾಗದ ಹರಿದ ದಿನದಿಂದ
ಲೋಕನಾಥನಿಗೂ ನನಗೂ ಮಾತಿಲ್ಲ.
ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲಲ್ಲಿ ಎದುರಾದರೆ
ಇಬ್ಬರೂ ಗೋಡೆ ಓದುತ್ತೇವೆ.
ಅವನ ವಕೀಲ ಗಟ್ಟಿಗ. ನನ್ನವನೂ ಕಮ್ಮಿಯಿಲ್ಲ.
ನೋಡುವವರಿಗೆ ಶನಿವಾರ.

‘ಎಷ್ಟೆತ್ತರದಿಂದ ಬಿದ್ದಿರಿ?’
ಆಳುದ್ದ, ಅಂದೆ.
‘ತಲೆ ಉಳಿದದ್ದು ಆಶ್ಚರ್ಯ’ ಎನ್ನುತ್ತ
ಹುಡುಗ ಹಾಳೆ ಇಳಿಸಿದ, ಲಕೋಟೆಗೆ ಸೇರಿಸಿದ.

ಕೆ.ಆರ್. ಮಾರ್ಕೆಟ್ಟಿನ ಗದ್ದಲದಲ್ಲಿ
ಆಟೋ ಸಿಗದೆ ನಿಂತಾಗ ನೆನಪಾಯಿತು:
ಆ ಮಂಗಳವಾರ ನನ್ನ ಕಟ್ಟು ಮುಗಿದ ಮೇಲೂ
ಒಂದು ಗೇಣು ಬಟ್ಟೆ ಮಿಕ್ಕಿತ್ತು.
ವಸ್ತಾದಿ ಲೋಕನಾಥನನ್ನು ಮೂಲೆಗೆ ಕರೆದು
ಬಲಗೈಯ ನಡುಬೆರಳು, ಉಂಗುರದ ಬೆರಳು
ಎರಡನ್ನೂ ಸೇರಿಸಿ ಸುತ್ತಿದ್ದರು.
ಅಪ್ಪನ ಏಟು ಅಂದುಕೊಂಡೆವು ಎಲ್ಲರೂ.
ಅಪ್ಪ ಆ ದಿನ ಊರಲ್ಲೇ ಇರಲಿಲ್ಲ.

ಹೋದ ತಿಂಗಳು ಕೋರ್ಟಿನಲ್ಲಿ ಸಹಿ ಹಾಕುವಾಗ
ಆ ಸೊಟ್ಟ ಬೆರಳುಗಳಿಗೆ ಪೆನ್ನು ನಿಲ್ಲದೆ
ಎರಡು ಸಲ ಕೆಳಗೆ ಬಿತ್ತು.