ಶೇಂಗಾ

ಎರಡು ದಿನ ಮುಟ್ಟಬ್ಯಾಡ್ರಿ ಅಂದಿದ್ದ ಅಂಗಡಿಯಂವ
ಕ್ಯಾಂಪಿನ ಸಂದ್ಯಾಗ, ಗಿಳಿ ಪಂಜರದ ಹಿಂದಿನಿಂದ.
ಮುಟ್ಟದ ಇರೋದು ನನಗ ಗೊತ್ತಿಲ್ಲದ ಕೆಲಸ.

ದಿನಾ ಆರಕ್ಕ ಸ್ಕೂಟಿ ಹತ್ತಿ
ಸಹಕಾರನಗರ, ಬಿಬವೇವಾಡಿ, ಧನಕವಡಿ,
ಬರಿಹೊಟ್ಟೀಲೆ ಕಾಯ್ಕೊಂತ ಕುಂತವರ
ಮನಿಮನಿಗೆ ಹೋಗಿ ರಗತ ತರಾಕಿ ನಾನು.
ಹದಿನಾಲ್ಕು ಮನಿ, ಹದಿನಾಲ್ಕು ಮೊಳಕೈ.
ಚರ್ಮದ ಕೆಳಗ ನರ ಎಲ್ಲಿ ಮಲಗೇತಿ ಅಂತ
ಕಣ್ಣಿಗಿಂತ ಮೊದಲ ಬೆರಳಿಗೆ ತಿಳೀತೈತಿ.
‘ಮುಂಗಿ ಚಾವಲ್ಯಾಸಾರಖಂ’ ಅಂತೀನಿ ಸೂಜಿ ಇಳಿಸುವಾಗ,
ಇರುವಿ ಕಡದಂಗ, ಅಷ್ಟ.
ಹನ್ನೊಂದು ವರ್ಷದಾಗ ಎಷ್ಟು ಸಲ ಅಂದೇನೋ.
ನನಗ ಇರುವಿ ಕಡದದ್ದು ಮಾತ್ರ ನೆನಪಿಲ್ಲ.

ಕೈವಲ್ಯಗ ನಾಯಿ ಬೇಕಿತ್ತು.
ಕುತ್ರಾ ನಕೋ, ಅಂದ್ರು ಮಾಲಕಿ ಪಾನಸೆಬಾಯಿ. ಬೆಕ್ಕೂ ನಕೋ.
ಬಾಡಿಗಿ ಕರಾರಿನ ಕಾಗದದಾಗ
ಹ್ಯಾಮ್‌ಸ್ಟರ್ ಅನ್ನೋ ಶಬ್ದ ಇರಲಿಲ್ಲ,
ನಾನೂ ಸೇರಿಸಾಕ ಹೋಗಲಿಲ್ಲ.

ಅಂಗೈ ತುಂಬೂದಿಲ್ಲ. ಹುರಿದು ಸಿಪ್ಪಿ ಸುಲಿದ ಬಣ್ಣ.
ಶೇಂಗಾ ಅಂತ ಹೆಸರಿಟ್ಟ ಮಗ.
ಇಂಡಿಯಿಂದ ನಮ್ಮವ್ವ ಫೋನಿನ್ಯಾಗ ಕೇಳಿದರೂ ಶೇಂಗಾ,
ಕೆಳಗಿನ ಮನಿ ಹುಡುಗೂರು ಕೂಗಿದರೂ ಶೇಂಗಾ.
ಎರಡು ಸಲ ಹೇಳೋ ಗರಜಿಲ್ಲದ
ಒಂದ ಒಂದು ಜೀವ ನಮ್ಮ ಖೋಲ್ಯಾಗ.

ಮೂರನೇ ರಾತ್ರಿ ಹೊಟ್ಟು ಅಲುಗಾಡಿತು.
ಪಂಜರದ ಮಾಡ ತಗದು ಕೈ ಇಳಿಸಿದೆ.
ಕಿರ್ರ್ ಅಂದು ಅಂಗಾತ ಬಿದ್ದು, ನಾಕೂ ಕಾಲು ಎತ್ತಿ,
ಎರಡು ಹಳದಿ ಹಲ್ಲು ತೋರಿಸಿ
ಕಚ್ಚಿತು.
ಬೆರಳ ತುದಿ, ಸಕ್ಕರಿ ನೋಡಾಕ ನಾ ಎಲ್ಲಾರಿಗೂ ಚುಚ್ಚೋ ಜಾಗ.
ಬಂದದ್ದೂ ಅಷ್ಟ ದೊಡ್ಡ ಹನಿ.
‘ಇರುವಿ ಕಡದಂಗಾತೇನವ್ವಾ?’
ಇಲ್ಲೋ, ಅಂದೆ. ನೋವಾತು.

ಮ್ಯಾಲಿಂದ ಬರೂದೆಲ್ಲ ಗಿಡುಗ ಅದಕ್ಕ.
ಎಂದೂ ಕಾಣದ ಬಯಲಿನ ಅಂಜಿಕಿ
ಅಂಗಡಿಯಾಗ ಹುಟ್ಟಿದರೂ ಬೆನ್ನಾಗ ಉಳದೇತಿ.
ನಾನೂ ಮ್ಯಾಲಿಂದನ ಬಗ್ಗಾಕಿ, ಎಲ್ಲಾ ಮಂಚಗಳ ಮ್ಯಾಲ,
ಸ್ಪಿರಿಟ್ ವಾಸನಿ ಮೊದಲು, ಮಾರಿ ಆಮ್ಯಾಲ.

ಹಳೇ ಕುಬಸದ ತೋಳು ಹರಿದು ಗೂಡಿನಾಗ ಇಟ್ಟೆ.
ನನ್ನ ಬೆವರು ಅದು ಎಳಕೊಂಡು ಹೋಗಿ ಹಾಸಿಗಿ ಮಾಡಿಕೊಂತು.
ಹಾಸಿಗಿ ಒಪ್ಪಿತು, ಕೈ ಒಪ್ಪಲಿಲ್ಲ.

ಕೌದಿ ತೊಳಿಯೋ ಟಬ್ಬು ಒರಸಿ ಒಣಗಿಸಿ
ರಾತ್ರಿ ಹನ್ನೊಂದಕ್ಕ ಅದರಾಗ ಬಿಟ್ಟು
ಪಕ್ಕದಾಗ ಕುಂತೆ, ಅಂಗೈ ಕೆಳಗಿಟ್ಟು, ಎರಡು ಸೂರ್ಯಪಾನ ಬೀಜ.
‘ಕೈ ಚಾಚ್ರಿ, ಮುಷ್ಟಿ ಬಿಗೀರಿ’ ಅನ್ನಾಕಿ ನಾನು.
ನನ್ನ ಕೈ ಚಾಚಿತ್ತು. ಮುಷ್ಟಿ ಬಿಚ್ಚಿತ್ತು.
ಬಂತು, ಮೂಸಿತು, ಹೋತು.
ಮರುದಿನ ಬೀಜ ಒಯ್ತು.
ಅದರ ಮರುದಿನ ಬರಲೇ ಇಲ್ಲ.

ಧನಕವಡಿಯಾಗ ರೀವಾ, ಐದು ವರ್ಷ,
ತಿಂಗಳಿಗೊಮ್ಮೆ ನನ್ನ ಕಂಡು ಸೋಫಾದ ಹಿಂದ ಅಡಗಾಕಿ.
ಈ ಸಲ ನೆಲದ ಮ್ಯಾಲ ಕುಂತೆ. ತಡಾ ಆತು, ಬೈಸಿಕೊಂಡೆ.
ಅಳೋದು ಬಿಡಲಿಲ್ಲ ಹುಡಿಗಿ.
ಆದರ ಬೆರಳ ಪಟ್ಟಿ ಕಂಡು, ಬಿಕ್ಕಿನ ನಡುವ,
‘ತುಲಾ ಕೋಣೀ ಟೋಚಲಂ?’ ನಿನಗ್ಯಾರು ಚುಚ್ಚಿದ್ರು?
ಶೇಂಗಾ, ಅಂದೆ.
ಎಲ್ಲಿ ಹೋಗಬೇಕು ತಿಳೀದ
ಅಳು ಒಂದು ಗಳಿಗಿ ನಿಂತಿತು. ಆಮ್ಯಾಲ ಮತ್ತ ಹತ್ತಿತು.

ಹದಿನೇಳನೇ ರಾತ್ರಿ
ನಾಕು ತಣ್ಣನ್ನ ಕಾಲು ಅಂಗೈ ಏರಿದವು.
ಗಲ್ಲ ಎರಡೂ ತುಂಬಿ ಮಾರಿ ಮಾರಿಯಂಗ ಉಳಿದಿರಲಿಲ್ಲ.
ನಾಡಿ ಎಣಸಾಕ ನೋಡಿದೆ,
ಮಳಿ ಎಣಸಿದಂಗ, ಬಿಟ್ಟೆ.
ಆಮ್ಯಾಲ ಅಂಗೈ ನಡುವ ಬೆಚ್ಚಗ ಒಂದು ಹನಿ.

ಛೀ, ಅಂದ ಕೈವಲ್ಯ.
ಕೈ ಅಲುಗಿಸಲಿಲ್ಲ ನಾನು.
ಡಬ್ಬಿ ಕೊಡದ, ಚೀಟಿ ಅಂಟಿಸದ,
ತಾನಾಗೇ ಬಂದು ಒಬ್ಬರು ಕೊಟ್ಟ ಸ್ಯಾಂಪಲ್ಲು
ಇದ ಮೊದಲು.