ಸುನ್ನಿವಾಳ ಕಿವಿ

ಕ್ಲಾಕ್ಸ್‌ವೀಕಿನ ಮೀನು ಕಾರ್ಖಾನೆಯಲ್ಲಿ
ನನ್ನ ಎಡಕ್ಕೆ ನಿಲ್ಲುತ್ತಿದ್ದಳು ಸುನ್ನಿವಾ,
ಇಪ್ಪತ್ತಾರು ವರ್ಷ.
ಕಾಡ್ ಮೀನಿನ ಬೆನ್ನಿಗೆ ಚೂರಿಯಿಟ್ಟರೆ
ಮುಳ್ಳಿಗೇ ಗೊತ್ತಾಗದ ಹಾಗೆ ಮಾಂಸ ಬಿಡಿಸುವ ಕೈ.
ಯಂತ್ರಗಳ ಗದ್ದಲಕ್ಕೆ ಎಲ್ಲರ ಕಿವಿಗೂ ಹಳದಿ ಮುಚ್ಚು;
ಮಾತೆಲ್ಲ ಹುಬ್ಬಿನಲ್ಲಿ, ಮೊಣಕೈಯ ತಿವಿತದಲ್ಲಿ.

ಒಂದು ದಿನ ಕಾಫಿಯ ಹೊತ್ತಿಗೆ ಅಂದಳು:
"ಆ ಐಸ್ ಪುಡಿಮಾಡುವ ಯಂತ್ರವಿದೆಯಲ್ಲ,
ಸೋಮವಾರ ಅದು ಅರ್ಧ ಸ್ವರ ಇಳಿದಿರುತ್ತದೆ."
ನಾವು ನಕ್ಕೆವು.
"ಭಾನುವಾರ ಕುಡಿದಿರಬೇಕು, ಪಾಪ" ಅಂದೆ ನಾನು.
ಅವಳು ನಗಲಿಲ್ಲ. ಬ್ರೆಡ್ಡಿನ ಅಂಚು ಮುರಿದು
ಎಷ್ಟೋ ಹೊತ್ತು ಕೈಯಲ್ಲೇ ಹಿಡಿದಿದ್ದಳು.

ನಲವತ್ತೊಂಬತ್ತು ತುಂಬಿದ ವಾರ
ಚೂರಿ ತೊಳೆದು, ಒರೆಸಿ, ಮೇಜಿನ ಮೇಲಿಟ್ಟು
ಮೇಸ್ತ್ರಿ ಯೂಸ್ಟಿನುಸ್‌ಗೆ ಹೇಳಿದಳು:
ನಾಳೆಯಿಂದ ಬರುವುದಿಲ್ಲ,
ಟೋರ್ಸ್‌ಹಾವ್ನ್‌ನಲ್ಲಿ ಒಬ್ಬ ಮುದುಕರು
ಪಿಯಾನೋ ಶ್ರುತಿ ಮಾಡುವುದು ಕಲಿಸುತ್ತಾರಂತೆ.
ಅವನು ಕಿವಿಮುಚ್ಚು ತೆಗೆಯಲಿಲ್ಲ. "ಏನು?" ಅಂದ.
ಅವಳು ಎರಡನೇ ಸಲ ಹೇಳಲಿಲ್ಲ.

ಊರು ಆಡಿತು, ಊರು ಆಡುವುದನ್ನೇ:
ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೇನು;
ಮನೆಯ ಸಾಲ ಇನ್ನೂ ಹನ್ನೊಂದು ವರ್ಷ ಇದೆ;
ತೊಳೆದರೆ ಹೋದೀತೆ ಬೆರಳಿನ ಮೀನು ನಾತ?
ಕೊನೆಯದು ನಾನು ಅಂದದ್ದು.

ಧೈರ್ಯ ಎಂದರೆ ಬಾಗಿಲು ಒದ್ದು ಹೋಗುವುದು
ಅಂದುಕೊಂಡಿದ್ದೆ.
ಮೊದಲ ವಾರ ಅವಳಿಗೆ ಐದಕ್ಕೇ ಎಚ್ಚರವಾಗಿ
ರಬ್ಬರ್ ಬೂಟು ಮೆಟ್ಟಿ
ನಿದ್ದೆಗಣ್ಣಲ್ಲಿ ಗೇಟಿನ ತನಕ ಬಂದುಬಿಟ್ಟಿದ್ದಳು.
ದೀಪದ ಕೆಳಗೆ ನಿಂತಿದ್ದಳು, ಕಂಡೆ.
ಕೈ ಬೀಸಲೋ ಬೇಡವೋ ಎಂದು ನಾನೂ ನಿಂತೆ.
ಆಮೇಲೆ ಅವಳು ತಿರುಗಿ ಬಸ್ಸಿನ ಕಡೆ ನಡೆದಳು,
ಆ ಬೂಟಿನಲ್ಲೇ.

ಚಳಿಗಾಲದಲ್ಲಿ ಒಂದು ತಂತಿ ಹರಿದು ಕೆನ್ನೆ ಸೀಳಿತು.
ಕಡಲಡಿಯ ಸುರಂಗದಲ್ಲಿ ಬಸ್ಸು ಹೋಗುವಾಗ
ಅಳುತ್ತಿದ್ದಳಂತೆ; ಯಾರದೋ ಬಾಯಿಂದ ಕೇಳಿದೆ.
ಮುದುಕರು ಅಂದಿದ್ದರಂತೆ:
"ಕಿವಿ ಸರಿಯಿದೆ ನಿನ್ನದು. ಕೈ ಅವಸರ ಮಾಡುತ್ತದೆ.
ಇದು ಮೀನಲ್ಲ, ತಾಯಿ, ಜೀವ ಇದೆ ಇನ್ನೂ."

ಮೂರನೆಯ ಅಕ್ಟೋಬರಿನಲ್ಲಿ ನಮ್ಮ ಮನೆಗೆ ಬಂದಳು,
ದೊಡ್ಡಮ್ಮ ಬಿಟ್ಟುಹೋದ ಪಿಯಾನೋಗೆ.
ಮುಚ್ಚಳ ಬಿಚ್ಚಿ, ಒಳಗಿಂದ ತೆಗೆದು ಸಾಲಾಗಿ ಇಟ್ಟಳು:
ಒಂದು ಪೆನ್ಸಿಲ್ಲು, ಸತ್ತ ಪತಂಗ, ಯಾರದೋ ಹಾಲುಹಲ್ಲು.
ತಂತಿಗಳ ನಡುವೆ ಉಣ್ಣೆಯ ಪಟ್ಟಿ ತುರುಕಿ
ಒಂದೇ ಕೀಲಿಯನ್ನು ಒತ್ತಿದಳು, ಒತ್ತಿದಳು,
ಹಿಡಿಯನ್ನು ಎಳ್ಳಷ್ಟು ತಿರುಗಿಸಿ ಮತ್ತೆ ಒತ್ತಿದಳು.

ನಾನು ಬಾಗಿಲಿಗೊರಗಿ ನಿಂತಿದ್ದೆ. ತಾನಾಗೇ ಹೇಳಿದಳು:
"ಪ್ರತಿ ಪಂಚಮವನ್ನೂ ಕೂದಲೆಳೆಯಷ್ಟು
ಬೇಕೆಂತಲೇ ತಪ್ಪಿಸಬೇಕು.
ಒಂದನ್ನು ಪೂರ್ತಿ ಸರಿ ಮಾಡಿದೆಯೋ,
ಆ ತುದಿಯಲ್ಲಿ ಇನ್ನೊಂದು ತೋಳದ ಹಾಗೆ ಊಳಿಡುತ್ತದೆ."
"ಹಾಗಾದರೆ ಸರಿ ಅನ್ನುವುದು ಎಲ್ಲಿದೆ?"
"ಇಲ್ಲ. ಎಲ್ಲವೂ ಸ್ವಲ್ಪ ಸ್ವಲ್ಪ ತಪ್ಪಿ
ಒಂದೇ ಮನೆಯಲ್ಲಿ ಬಾಳುತ್ತವೆ."

ಹಣ ಎಣಿಸಿಕೊಂಡಳು. ಎರಡು ತಿಂಗಳ ಕರೆಂಟು ಬಾಕಿ
ಎಂದು ನಾಚದೆ ಹೇಳಿದಳು.
ನೋಟು ಕೊಡುವಾಗ ಕೈಗೆ ಕೈ ತಾಗಿತು.
ಮೀನಿನ ನಾತ ಬಂತು.
ನನ್ನದೇ ಇರಬೇಕು.

ಈಗ ನನ್ನ ಎಡಕ್ಕೆ ಪೋಲೆಂಡಿನ ಹುಡುಗಿಯೊಬ್ಬಳು.
ಚುರುಕು. ಮುಳ್ಳು ಉಳಿಸುತ್ತಾಳೆ.
ಮನೆಯಲ್ಲಿ ಆ ಪಿಯಾನೋವನ್ನು ಯಾರೂ ನುಡಿಸುವುದಿಲ್ಲ;
ಧೂಳು ಒರೆಸುವಾಗ ಬೆರಳು ತಗುಲಿ
ಒಂದು ಸ್ವರ ಏಳುತ್ತದೆ,
ಅದು ಆರುವ ತನಕ ಬಟ್ಟೆ ಹಿಡಿದು ನಿಲ್ಲುತ್ತೇನೆ.

ಮೊನ್ನೆ, ಸೋಮವಾರ,
ಮೇಸ್ತ್ರಿ ಆಚೆ ತಿರುಗಿದಾಗ
ಒಂದು ಕಿವಿಯ ಮುಚ್ಚು ಸರಿಸಿದೆ.
ಐಸ್ ಯಂತ್ರ ಅರಚುತ್ತಿತ್ತು.
ಅರ್ಧ ಸ್ವರ ಇಳಿದಿತ್ತೋ ಇಲ್ಲವೋ
ನನಗೆ ತಿಳಿಯಲಿಲ್ಲ.
ಇನ್ನೊಂದು ಕಿವಿಯದನ್ನೂ ತೆಗೆದೆ.